ಅಪ್ಪನ ಗ್ಲಾಕೋಮಾ ಔಷಧ: ಒಂದು ಬಾಟಲಿ ಬೇಗ ಖಾಲಿ, ಇನ್ನೊಂದು ಮುಗಿಯುವುದೇ ಇಲ್ಲ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ತಿಪಟೂರಿನ ಹತ್ತಿರ ತೋಟ ನೋಡಿಕೊಂಡಿದ್ದಾರೆ. ಎರಡು ವರ್ಷದ ಹಿಂದೆ ಎರಡೂ ಕಣ್ಣಿಗೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಸವೆಯುವ ಕಾಯಿಲೆ) ಎಂದು ಗೊತ್ತಾಯಿತು. ರಾತ್ರಿ ಲಟಾನೊಪ್ರೋಸ್ಟ್, ಬೆಳಗ್ಗೆ ಮತ್ತು ರಾತ್ರಿ ಟಿಮೊಲಾಲ್ ಎಂಬ, ಒತ್ತಡ ಇಳಿಸುವ ಹನಿಗಳನ್ನು ಹಾಕಿಕೊಳ್ಳಬೇಕು. 16ಕ್ಕೆ ಇಳಿದಿದ್ದ ಕಣ್ಣಿನ ಒತ್ತಡ ಈ ಸಲ 25 ಬಂದಿದೆ. ಡಾಕ್ಟರು ಮೂರನೇ ಡ್ರಾಪ್ಸ್ ಸೇರಿಸಬೇಕಾಗಬಹುದು ಎಂದಿದ್ದಾರೆ. ‘ದಿನಾ ಹಾಕ್ಕೋತಿದೀನಿ’ ಅಂತ ಅಪ್ಪ ಹೇಳುತ್ತಾರೆ. ಆದರೆ ರಾತ್ರಿಯ ಸಣ್ಣ ಬಾಟಲಿ ಹದಿನೈದು ದಿನಕ್ಕೇ ಮುಗಿಯುತ್ತದೆ, ಇನ್ನೊಂದು ಎರಡು ತಿಂಗಳಾದರೂ ಮುಗಿಯುವುದಿಲ್ಲ. ನಾನು ಬೆಂಗಳೂರಿನಲ್ಲಿದ್ದೇನೆ, ತಿಂಗಳಿಗೊಮ್ಮೆ ಹೋಗಿ ಔಷಧ ಕೊಟ್ಟು ಬರುತ್ತೇನೆ. ಕೇಳಿದರೆ ಜಗಳವಾಗುತ್ತದೆ. ಏನು ಮಾಡಲಿ?

ಉತ್ತರ: ಜಗಳ ಬಿಡಿ, ಮೊದಲು ಈ ಎರಡು ಬಾಟಲಿಗಳ ಲೆಕ್ಕ ಹಾಕೋಣ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ.

ಲಟಾನೊಪ್ರೋಸ್ಟ್ ಬಾಟಲಿಯಲ್ಲಿ 2.5 ಮಿಲಿ ಔಷಧ ಇರುತ್ತದೆ. ಒಂದು ಹನಿ ಸುಮಾರು 30 ಮೈಕ್ರೋಲೀಟರ್ ಎಂದುಕೊಂಡರೆ ಒಟ್ಟು 80 ಹನಿಯ ಆಸುಪಾಸು. ಎರಡು ಕಣ್ಣಿಗೆ ರಾತ್ರಿ ಒಂದೊಂದರಂತೆ ತಿಂಗಳಿಗೆ ಬೇಕಾದದ್ದು 60 ಹನಿ. ಅಲ್ಲೊಂದು ಇಲ್ಲೊಂದು ಕೆನ್ನೆಗೆ ಜಾರಿದರೂ ತಿಂಗಳು ಬರಬೇಕು. ಹದಿನೈದು ದಿನಕ್ಕೆ ಮುಗಿಯುತ್ತಿದೆ ಎಂದರೆ ಪ್ರತಿ ಸಲ ಒಂದೊಂದು ಕಣ್ಣಿಗೆ ಹೆಚ್ಚುಕಡಿಮೆ ಮೂರು ಹನಿ ಖರ್ಚಾಗುತ್ತಿದೆ. ಅಂದರೆ ರಾತ್ರಿಯ ಔಷಧವನ್ನು ನಿಮ್ಮ ತಂದೆ ಮರೆಯುತ್ತಿಲ್ಲ. ಹಾಕುತ್ತಿದ್ದಾರೆ, ಅದರಲ್ಲಿ ಬಹುಪಾಲು ಕಣ್ಣಿನ ಹೊರಗೆ ಹೋಗುತ್ತಿದೆ. ಬಾಟಲಿ ಖಾಲಿಯಾದ ಮೇಲೆ ನೀವು ಮತ್ತೆ ಊರಿಗೆ ಹೋಗುವವರೆಗೆ ಅರ್ಧ ತಿಂಗಳು ಕಣ್ಣಿಗೆ ಆ ಔಷಧವೇ ಇಲ್ಲ. ‘ದಿನಾ ಹಾಕ್ಕೋತಿದೀನಿ’ ಎಂಬ ಮಾತು ಅವರ ಮಟ್ಟಿಗೆ ಸುಳ್ಳಲ್ಲ. ಇರುವಷ್ಟು ದಿನ ಹಾಕಿಕೊಳ್ಳುತ್ತಾರೆ.

ಟಿಮೊಲಾಲ್ ಕಥೆ ಬೇರೆ. ಅದು 5 ಮಿಲಿ, ಅಂದಾಜು 160 ಹನಿ. ದಿನಕ್ಕೆ ನಾಲ್ಕು ಹನಿಯಂತೆ, ಒಂದನ್ನೂ ಚೆಲ್ಲದೆ ಹಾಕಿದರೂ 40 ದಿನಕ್ಕೆ ಮುಗಿಯಬೇಕು. ರಾತ್ರಿ ಒಂದು ಹನಿಗೆ ಮೂರು ಖರ್ಚು ಮಾಡುವ ಕೈ ಈ ಬಾಟಲಿಯಲ್ಲಿ ಮಾತ್ರ ಚೆಲ್ಲದೇ ಇರಲಾರದು. ಅದೇ ಅಳತೆಯಲ್ಲಿ ಚೆಲ್ಲಿಯೂ ಎರಡು ತಿಂಗಳು ಬರುತ್ತಿದ್ದರೆ, 120 ಸಲ ಹಾಕಬೇಕಾದ ಕಡೆ 30 ಸಲವೂ ಹಾಕಿರಲಾರರು. ಈ ಔಷಧ ನಿಜಕ್ಕೂ ತಪ್ಪುತ್ತಿದೆ. ಸಾಲದ್ದಕ್ಕೆ, ಇಂಥ ಹೆಚ್ಚಿನ ಬಾಟಲಿಗಳನ್ನು ತೆರೆದ ನಾಲ್ಕು ವಾರದ ಮೇಲೆ ಬಳಸಬಾರದು (ನಿಖರ ಅವಧಿ ಪೆಟ್ಟಿಗೆಯ ಮೇಲಿರುತ್ತದೆ), ಉಳಿದದ್ದನ್ನು ಚೆಲ್ಲಬೇಕು. ಎರಡನೇ ತಿಂಗಳು ಅವರು ಹಾಕಿಕೊಳ್ಳುವುದು ಅವಧಿ ಮೀರಿದ ಔಷಧ.

ಹೀಗೆ ಒಂದೇ ಮನುಷ್ಯನಲ್ಲಿ ಎರಡು ಬೇರೆ ತೊಂದರೆಗಳಿವೆ: ಒಂದು ಕೈಯದು, ಇನ್ನೊಂದು ದಿನಚರಿಯದು ಅಥವಾ ಮನಸ್ಸಿನದು. ಎರಡಕ್ಕೂ ಮದ್ದು ಬೇರೆ. ಇವು ಸರಿಯಾಗದೆ ಮೂರನೇ ಬಾಟಲಿ ಬಂದರೆ ಅದೂ ಇವೆರಡರ ದಾರಿಯನ್ನೇ ಹಿಡಿಯುವ ಸಂಭವ ಹೆಚ್ಚು.

ಕೈಯಿಂದ ಶುರು ಮಾಡಿ. ಮುಂದಿನ ಸಲ ಹೋದಾಗ ‘ಹಾಕ್ಕೋತಿದೀರಾ?’ ಎಂದು ಕೇಳಬೇಡಿ. ‘ಹೇಗೆ ಹಾಕ್ಕೋತೀರಿ, ಒಂದ್ಸಲ ತೋರಿಸಿ’ ಎನ್ನಿ. ಮಧ್ಯೆ ಬಾಯಿ ಹಾಕದೆ ಪೂರ್ತಿ ನೋಡಿ. ಬಹಳಷ್ಟು ಜನರಿಗೆ ಬಾಟಲಿ ಹಿಡಿಯುವುದನ್ನು ಯಾರೂ ಒಮ್ಮೆಯೂ ಕಲಿಸಿರುವುದಿಲ್ಲ. ಚೀಟಿಯಲ್ಲಿ ‘ಒಂದು ಹನಿ’ ಎಂದು ಬರೆದಿರುತ್ತದೆ, ಅಷ್ಟೇ.

ನೋಡುವಾಗ ಮೊದಲು ಬಾಟಲಿಯ ಮೂತಿ ನೋಡಿ. ನಮ್ಮಲ್ಲಿ ಸಿಗುವ ಅನೇಕ ಬಾಟಲಿಗಳ ಮೂತಿ ಮುಚ್ಚಿರುತ್ತದೆ. ಮುಚ್ಚಳದ ಒಳಗಿನ ಮೊನೆಯೇ ಅದನ್ನು ಚುಚ್ಚುವಂತೆ ಮಾಡಿರುತ್ತಾರೆ: ಮುಚ್ಚಳವನ್ನು ಪೂರ್ತಿ ಕೆಳಗಿನವರೆಗೆ ಬಿಗಿಯಾಗಿ ತಿರುಗಿಸಿ, ಮತ್ತೆ ಬಿಚ್ಚಿದರೆ ಸರಿಯಾದ ಅಳತೆಯ ತೂತು ಬೀಳುತ್ತದೆ. ಇದು ಗೊತ್ತಿಲ್ಲದೆ ಸೇಫ್ಟಿ ಪಿನ್ನಿನಿಂದ ಚುಚ್ಚುವವರು, ಬ್ಲೇಡಿನಿಂದ ಮೂತಿ ಕತ್ತರಿಸುವವರು ಸಾಕಷ್ಟಿದ್ದಾರೆ. ತೂತು ದೊಡ್ಡದಾದರೆ ಹನಿಯೂ ದೊಡ್ಡದಾಗುತ್ತದೆ, ಬೋರಲು ಹಾಕಿದ ಕೂಡಲೇ ಎರಡು ಮೂರು ಒಟ್ಟಿಗೇ ಸುರಿಯುತ್ತವೆ, ಸೋಂಕೂ ಒಳಗೆ ಹೋಗುತ್ತದೆ. ಹದಿನೈದು ದಿನದ ಬಾಟಲಿಗೆ ಇದೊಂದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ.

ಆಮೇಲೆ ಹಾಕುವ ಕ್ರಮ. ಕೈ ತೊಳೆದು ಮಂಚದ ಮೇಲೆ ಅಂಗಾತ ಮಲಗಲಿ. ನಿಂತು ತಲೆ ಹಿಂದಕ್ಕೆ ಚೆಲ್ಲಿ ಹಾಕಿಕೊಳ್ಳುವುದು ಈ ವಯಸ್ಸಿಗೆ ಕಷ್ಟ, ಕುತ್ತಿಗೆಯೂ ನೋಯುತ್ತದೆ. ಎಡಗೈಯ ತೋರುಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದರೆ ಒಂದು ಸಣ್ಣ ಜೇಬಿನ ಹಾಗೆ ತೆರೆಯುತ್ತದೆ. ಹನಿ ಬೀಳಬೇಕಾದದ್ದು ಅಲ್ಲಿ, ಕಪ್ಪುಗುಡ್ಡೆಯ ಮೇಲಲ್ಲ. ಬಾಟಲಿ ಹಿಡಿದ ಬಲಗೈಯನ್ನು ಗಾಳಿಯಲ್ಲಿ ತೇಲಿಸಬಾರದು, ಆ ಎಡಗೈ ಬೆರಳಿನ ಗೆಣ್ಣಿನ ಮೇಲೋ ಹಣೆಯ ಮೇಲೋ ಊರಿಸಿಕೊಳ್ಳಬೇಕು. ಕೈ ನಡುಗುವವರಿಗೆ ಇದೊಂದರಿಂದಲೇ ಗುರಿ ಸಿಗುತ್ತದೆ. ಮೂತಿ ರೆಪ್ಪೆಗೂ ಕೂದಲಿಗೂ ತಾಗದಂತೆ ಒಂದೆರಡು ಸೆಂಟಿಮೀಟರ್ ಮೇಲಿರಲಿ. ಮೇಲೆ ಸೂರನ್ನು ನೋಡುತ್ತಾ ಒಂದೇ ಹನಿ. ಎರಡನೆಯದು ಬೇಡ: ಕಣ್ಣು ಹಿಡಿಯುವುದು ಒಂದು ಹನಿಗಿಂತ ಹೆಚ್ಚಲ್ಲ, ಉಳಿದದ್ದು ಕೆನ್ನೆಗೆ ಅಥವಾ ಮೂಗಿನೊಳಗಿನ ನಾಳಕ್ಕೆ ಹೋಗುತ್ತದೆ.

ಹನಿ ಬಿದ್ದ ಮೇಲೆ ಕಣ್ಣು ಪಟಪಟ ಬಡಿಯಬಾರದು. ಬಡಿದಷ್ಟೂ ಔಷಧ ಕಣ್ಣೀರಿನ ನಾಳಕ್ಕೆ ಇಳಿಯುತ್ತದೆ. ಮೆಲ್ಲಗೆ ಕಣ್ಣು ಮುಚ್ಚಿ, ಕಣ್ಣಿನ ಒಳಮೂಲೆಯನ್ನು, ಮೂಗಿನ ಎಲುಬಿಗೆ ಸೇರುವ ಜಾಗದಲ್ಲಿ, ಬೆರಳ ತುದಿಯಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಟಿಮೊಲಾಲ್ ವಿಷಯದಲ್ಲಿ ಈ ಎರಡು ನಿಮಿಷವನ್ನು ಉದಾಸೀನ ಮಾಡಲೇಬಾರದು. ಆ ಔಷಧ ಮೂಗಿನ ಒಳಪೊರೆಯಿಂದ ನೇರ ರಕ್ತ ಸೇರಿ ಎದೆಬಡಿತವನ್ನು ನಿಧಾನ ಮಾಡಬಲ್ಲದು, ಉಬ್ಬಸ ಇರುವವರಲ್ಲಿ ಉಸಿರು ಕಟ್ಟಿಸಬಲ್ಲದು. ರಾತ್ರಿ ಎರಡೂ ಔಷಧ ಇರುವುದರಿಂದ ಒಂದು ಹಾಕಿ ಐದು ನಿಮಿಷ ಕಾದು ಇನ್ನೊಂದು ಹಾಕಬೇಕು. ಒಟ್ಟಿಗೇ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಹನಿ ಬಿತ್ತೋ ಇಲ್ಲವೋ ಎಂಬ ಅನುಮಾನದಿಂದಲೇ ಅನೇಕರು ಮತ್ತೆ ಮತ್ತೆ ಒತ್ತುತ್ತಾರೆ. ಇದಕ್ಕೊಂದು ಸುಲಭ ಉಪಾಯ: ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ (ಫ್ರೀಜರಿನಲ್ಲಿ ಬೇಡ, ಬಾಗಿಲಿನ ಖಾನೆ ಸಾಕು). ತಣ್ಣಗಿನ ಹನಿ ಬಿದ್ದದ್ದು ಚೆನ್ನಾಗಿ ಗೊತ್ತಾಗುತ್ತದೆ. ಸಾಮಾನ್ಯ ಲಟಾನೊಪ್ರೋಸ್ಟನ್ನು ತೆರೆಯುವ ಮೊದಲು ಹೇಗೂ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ತೆರೆದ ಮೇಲೆ 25 ಡಿಗ್ರಿಯೊಳಗಿನ ತಂಪು ಜಾಗದಲ್ಲಿ ಇಡಬಹುದು. ಹೊರಗೇ ಇಡಬಹುದಾದ ತಯಾರಿಕೆಗಳೂ ಇವೆ, ಪೆಟ್ಟಿಗೆ ಓದಿ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಸ್ಸಿನಲ್ಲಿ ಒಯ್ಯುವಾಗ ಬ್ಯಾಗಿನ ಮೇಲಿನ ಜೇಬಿನಲ್ಲಿ ಬಿಸಿಲಿಗೆ ಬೇಯಿಸಬೇಡಿ, ಐಸ್ ಪ್ಯಾಕ್ ಇರುವ ಚಿಕ್ಕ ಚೀಲ ಸಾಕು.

ಇಷ್ಟಾದರೂ ಗುರಿ ತಪ್ಪುತ್ತಿದ್ದರೆ ಕಣ್ಣು ಮುಚ್ಚಿಸಿಯೇ ಹಾಕಬಹುದು: ಅಂಗಾತ ಮಲಗಿ, ಕಣ್ಣು ಮುಚ್ಚಿ, ಒಳಮೂಲೆಯ ಗುಳಿಯಲ್ಲಿ ಒಂದು ಹನಿ ಬಿಟ್ಟು, ತಲೆ ಅಲುಗಾಡಿಸದೆ ಕಣ್ಣು ತೆರೆದರೆ ಅದು ಒಳಗೆ ಹರಿಯುತ್ತದೆ. ಇದಕ್ಕೆ ಮುಖ ತೊಳೆದು ಒರೆಸಿರಬೇಕು. ಬಾಟಲಿಯನ್ನು ಕಣ್ಣಿನ ಮೇಲೆ ನೇರ ಕೂರಿಸುವ ಪ್ಲಾಸ್ಟಿಕ್ ಸಾಧನಗಳೂ ಸಿಗುತ್ತವೆ. ಎಲ್ಲಕ್ಕಿಂತ ಒಳ್ಳೆಯದು ರಾತ್ರಿಯ ಹನಿಯನ್ನು ನಿಮ್ಮ ತಾಯಿಯೋ ಮನೆಯಲ್ಲಿ ಇನ್ನೊಬ್ಬರೋ ಹಾಕುವುದು. ತಂದೆಯವರು ಒಪ್ಪುವುದಾದರೆ ಮಾತ್ರ. ಒಪ್ಪದಿದ್ದರೆ ಬಲವಂತ ಬೇಡ, ಕೈ ಕಲಿಯುತ್ತದೆ.

ಈಗ ಟಿಮೊಲಾಲ್. ಇಲ್ಲಿ ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ತಪ್ಪದೆ ಹಾಕ್ಕೋತೀರಾ?’ ಎಂದರೆ ‘ಹೂಂ’ ಎಂಬ ಒಂದೇ ಉತ್ತರ ಬರುತ್ತದೆ. ‘ಬೆಳಗ್ಗೆ ತೋಟಕ್ಕೆ ಹೋಗೋ ಅವಸರದಲ್ಲಿ ಎಲ್ಲರಿಗೂ ತಪ್ಪುತ್ತೆ. ನಿಮಗೆ ವಾರದಲ್ಲಿ ಎಷ್ಟು ದಿನ ತಪ್ಪಬಹುದು?’ ಎಂದರೆ ನಿಜ ಹೊರಬರುತ್ತದೆ. ಎಲ್ಲರಿಗೂ ತಪ್ಪುತ್ತದೆ ಎಂಬುದು ಸಮಾಧಾನದ ಮಾತಲ್ಲ. 1986ರಲ್ಲಿ ಅಮೆರಿಕದಲ್ಲಿ ಮೈಕಲ್ ಕಾಸ್ ಮತ್ತು ಸಂಗಡಿಗರು ಗ್ಲಾಕೋಮಾ ರೋಗಿಗಳಿಗೆ ಕೊಟ್ಟ ಔಷಧದ ಬಾಟಲಿಯಲ್ಲಿ, ಹನಿ ಹಾಕಿದ ಸಮಯವನ್ನು ದಾಖಲಿಸುವ ಎಲೆಕ್ಟ್ರಾನಿಕ್ ಸಾಧನ ಇಟ್ಟು ನೋಡಿದರು. ರೋಗಿಗಳು ತಾವು 97% ಹನಿ ಹಾಕಿಕೊಂಡಿದ್ದೇವೆ ಎಂದಿದ್ದರು. ದಾಖಲೆಯಲ್ಲಿದ್ದದ್ದು ಸರಾಸರಿ 76%. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಔಷಧವನ್ನು ಉಚಿತವಾಗಿ ಕೊಟ್ಟು, ಅಳೆಯುತ್ತಿದ್ದೇವೆ ಎಂದು ಮೊದಲೇ ಹೇಳಿದ್ದರೂ 45% ಜನ ಮುಕ್ಕಾಲು ಪಾಲಿಗಿಂತ ಕಡಿಮೆ ಸಲ ಹಾಕಿಕೊಂಡಿದ್ದರು. ಇದು ನಿಮ್ಮ ತಂದೆಯ ಸ್ವಭಾವದ ದೋಷವಲ್ಲ. ನೋವಿಲ್ಲದ ಕಾಯಿಲೆಗೆ, ಹಾಕಿದರೂ ಏನೂ ಸುಧಾರಿಸಿದಂತೆ ಕಾಣದ ಔಷಧವನ್ನು ಜೀವನಪೂರ್ತಿ ಹಾಕಿಕೊಳ್ಳುವುದು ಯಾರಿಗೂ ಕಷ್ಟವೇ.

ಕಾರಣ ಬರೀ ಮರೆವು ಎಂದು ತೀರ್ಮಾನಿಸುವ ಮೊದಲು ಅದನ್ನು ಹಾಕಿದಾಗ ಏನಾಗುತ್ತದೆ ಎಂದು ಕೇಳಿ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತುವಾಗ ಏದುಸಿರು, ಮಂಕುತನ, ಗಂಡಸರಲ್ಲಿ ಲೈಂಗಿಕ ಅಶಕ್ತಿ ಇವೆಲ್ಲ ಟಿಮೊಲಾಲ್‌ನಿಂದ ಆಗಬಹುದು. ಕಣ್ಣಿನ ಔಷಧಕ್ಕೂ ಇದಕ್ಕೂ ಸಂಬಂಧವಿದೆ ಎಂದು ಜನರಿಗೆ ಹೊಳೆಯುವುದೇ ಇಲ್ಲ. ಹೊಳೆದವರು ಯಾರಿಗೂ ಹೇಳದೆ ಬಿಟ್ಟುಬಿಡುತ್ತಾರೆ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗಿನ ಎದೆಬಡಿತ, ನಡುಕದಂಥ ಸೂಚನೆಗಳನ್ನು ಇದು ಮರೆಮಾಡಬಹುದು. ಉಬ್ಬಸ ಇದ್ದರೆ, ನಾಡಿ ತೀರ ನಿಧಾನವಿದ್ದರೆ, ಹಾರ್ಟ್ ಬ್ಲಾಕ್ (ಹೃದಯದ ಬಡಿತದ ಸಂಕೇತಕ್ಕೆ ತಡೆ, ರಕ್ತನಾಳದ ಬ್ಲಾಕ್ ಅಲ್ಲ) ಇದ್ದರೆ ಈ ಔಷಧ ಅವರಿಗೆ ಹೊಂದುವುದೇ ಇಲ್ಲ. ಆಗ ತಪ್ಪುತ್ತಿರುವುದೇ ಒಳ್ಳೆಯದಾಯಿತು, ಬೇರೆ ಔಷಧ ಕೇಳಬೇಕು. ಉಸಿರಾಟದ ತೊಂದರೆ ಕಂಡರೆ ಮುಂದಿನ ಭೇಟಿಗೆ ಕಾಯಬೇಡಿ, ಹಾಕುವುದನ್ನು ನಿಲ್ಲಿಸಿ ಅಂದೇ ಡಾಕ್ಟರಿಗೆ ಹೇಳಿ. ಲಟಾನೊಪ್ರೋಸ್ಟ್‌ನ ತೊಂದರೆಗಳು ಹೊರಗೆ ಕಾಣುವಂಥವು: ಕಣ್ಣು ಕೆಂಪಾಗುವುದು, ರೆಪ್ಪೆಗೂದಲು ಉದ್ದವಾಗುವುದು, ಸುತ್ತಲಿನ ಚರ್ಮ ಕಪ್ಪಾಗುವುದು. ಕೆಂಪು ಮೊದಲ ವಾರಗಳಲ್ಲಿ ಹೆಚ್ಚು, ಆಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮದುವೆ ಮನೆಗೆ ಹೋಗುವ ಮುನ್ನ ‘ಕಣ್ಣು ಕೆಂಪಾಗುತ್ತೆ’ ಎಂದು ವಾರಗಟ್ಟಲೆ ಬಿಡುವವರಿದ್ದಾರೆ. ಇದನ್ನೂ ಕೇಳಿ.

ತೊಂದರೆ ಏನೂ ಇಲ್ಲ, ಸಮಯವೇ ಹೊಂದುತ್ತಿಲ್ಲ ಎಂದಾದರೆ, ತಂದೆಯವರನ್ನು ಬದಲಿಸುವುದಕ್ಕಿಂತ ಔಷಧದ ಪಟ್ಟಿಯನ್ನು ಬದಲಿಸುವುದು ಸುಲಭ. ಡಾಕ್ಟರನ್ನು ನೇರವಾಗಿ ಕೇಳಿ: ಲಟಾನೊಪ್ರೋಸ್ಟ್ ಮತ್ತು ಟಿಮೊಲಾಲ್ ಎರಡೂ ಒಂದೇ ಬಾಟಲಿಯಲ್ಲಿರುವ, ದಿನಕ್ಕೊಮ್ಮೆ ಹಾಕುವ ಔಷಧ ಇವರಿಗೆ ಆಗುತ್ತದೆಯೇ? ದಿನಕ್ಕೆ ಮೂರು ಸಲ ಬಾಟಲಿ ಎತ್ತುವ ಕಡೆ ಒಂದೇ ಸಲವಾಗುತ್ತದೆ, ಐದು ನಿಮಿಷ ಕಾಯುವುದೂ ತಪ್ಪುತ್ತದೆ. ಅಥವಾ ಟಿಮೊಲಾಲನ್ನು ಬೆಳಗ್ಗೆ ಮಾತ್ರ ಹಾಕಿದರೆ ಸಾಕೇ? ನಿದ್ದೆಯಲ್ಲಿ ಕಣ್ಣಿನೊಳಗಿನ ನೀರು ಹೇಗೂ ಕಡಿಮೆ ಉತ್ಪತ್ತಿಯಾಗುವುದರಿಂದ ಈ ಔಷಧ ರಾತ್ರಿ ಹೆಚ್ಚು ಕೆಲಸ ಮಾಡುವುದಿಲ್ಲ. ದಿನಕ್ಕೆರಡು ಸಲದ ಅತ್ಯುತ್ತಮ ಔಷಧ ಅರ್ಧಕ್ಕರ್ಧ ತಪ್ಪುವುದಕ್ಕಿಂತ, ದಿನಕ್ಕೊಮ್ಮೆಯದು ತಪ್ಪದೆ ಬೀಳುವುದು ಮೇಲು ಎಂಬುದು ನಮ್ಮ ದೃಢ ಅಭಿಪ್ರಾಯ.

ನೆನಪಿಗೆ ಮೊಬೈಲ್ ಅಲಾರಾಂ ಇಡಬಹುದು. ಆದರೆ ಅಲಾರಾಂ ಹೊಡೆದಾಗ ಮನುಷ್ಯ ತೋಟದಲ್ಲಿ, ಬಾಟಲಿ ಮನೆಯಲ್ಲಿದ್ದರೆ ಪ್ರಯೋಜನವಿಲ್ಲ. ಅದಕ್ಕಿಂತ ಎಂದೂ ತಪ್ಪದ ಒಂದು ಕೆಲಸಕ್ಕೆ ಗಂಟು ಹಾಕಿ. ಬೆಳಗಿನದನ್ನು ಕಾಫಿಗೆ ಮುಂಚೆ, ರಾತ್ರಿಯದನ್ನು ಊಟ ಆದ ಕೂಡಲೇ. ‘ಮಲಗುವಾಗ’ ಎಂದು ಬಿಟ್ಟರೆ ಟಿವಿ ನೋಡುತ್ತಲೇ ನಿದ್ದೆ ಹತ್ತಿ ತಪ್ಪುತ್ತದೆ. ರಾತ್ರಿ ಎಂಟಕ್ಕೇ ಹಾಕಿಕೊಂಡರೂ ಏನೂ ನಷ್ಟವಿಲ್ಲ, ದಿನವೂ ಸುಮಾರು ಅದೇ ಹೊತ್ತಿಗಾದರೆ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಕಿದ ದಿನಕ್ಕೊಂದು ಗೆರೆ ಎಳೆಯಲಿ. ಕಂಪನಿ ಬದಲಾದರೆ ಮುಚ್ಚಳದ ಬಣ್ಣವೂ ಬದಲಾಗಬಹುದು, ಹಾಗಾಗಿ ಬಣ್ಣ ನಂಬಬೇಡಿ. ಟಿಮೊಲಾಲ್ ಬಾಟಲಿಗೆ ಒಂದು, ಲಟಾನೊಪ್ರೋಸ್ಟ್ ಬಾಟಲಿಗೆ ಎರಡು ರಬ್ಬರ್ ಬ್ಯಾಂಡ್ ಸುತ್ತಿ, ಮಂದ ಬೆಳಕಲ್ಲೂ ಕೈಗೆ ಗೊತ್ತಾಗುತ್ತದೆ. ತೆರೆದ ತಾರೀಕನ್ನು ಪೆನ್ನಿನಿಂದ ಬಾಟಲಿಯ ಮೇಲೇ ಬರೆಯಿರಿ. ಒಂದು ಸಲ ತಪ್ಪಿದರೆ ನೆನಪಾದ ಕೂಡಲೇ ಹಾಕಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದನ್ನು ಬಿಟ್ಟು ಮುಂದಿನದನ್ನು ಹಾಕಲಿ. ತಪ್ಪಿದ್ದಕ್ಕೆ ಸೇರಿಸಿ ಎರಡೆರಡು ಹಾಕುವುದು ಬೇಡ.

ಔಷಧ ಮುಗಿದು ಹೋಗುವುದನ್ನು ನೀವೇ ತಡೆಯಬೇಕು. ಕೈಯಲ್ಲಿರುವ ಬಾಟಲಿಯ ಜೊತೆ ತೆರೆಯದ ಇನ್ನೊಂದು ಸದಾ ಫ್ರಿಜ್ಜಿನಲ್ಲಿರಲಿ. ತೆರೆಯದದ್ದನ್ನು ತೆರೆದ ದಿನ ನಿಮಗೊಂದು ಫೋನ್ ಬರಲಿ. ಕೈ ಸರಿಹೋಗುವವರೆಗೆ ತಿಂಗಳಿಗೆ ಎರಡು ಲಟಾನೊಪ್ರೋಸ್ಟ್ ಬೇಕಾದರೂ ಕೊಡಿ, ಖಾಲಿ ದಿನಗಳಿಗಿಂತ ಅದು ಅಗ್ಗ. ಬೆಲೆ ಭಾರವಾಗುತ್ತಿದ್ದರೆ ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ ಔಷಧದ ಮೂಲ ಹೆಸರನ್ನು ಬರೆಸಿಕೊಳ್ಳಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

‘ಕಣ್ಣು ಚೆನ್ನಾಗೇ ಕಾಣುತ್ತಲ್ಲ’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ‘ಕುರುಡಾಗ್ತೀರಿ’ ಎಂದು ಹೆದರಿಸಬೇಡಿ. ಹೆದರಿದವರು ಆಸ್ಪತ್ರೆಗೇ ಹೋಗುವುದನ್ನು ಬಿಡುತ್ತಾರೆ. ಅವರ ಫೀಲ್ಡ್ ಟೆಸ್ಟ್ (ನೋಟದ ಹರವು ಅಳೆಯುವ ಪರೀಕ್ಷೆ) ವರದಿಯನ್ನು ತೆಗೆದು, ಕಪ್ಪಾಗಿರುವ ಜಾಗ ತೋರಿಸಿ. ಗ್ಲಾಕೋಮಾದಲ್ಲಿ ದೃಷ್ಟಿನರ ಸವೆದು ಮೊದಲು ಹೋಗುವುದು ಸಾಮಾನ್ಯವಾಗಿ ಅಂಚಿನ ನೋಟ. ನಡುವಿನದು ಕೊನೆಯವರೆಗೂ ಉಳಿಯುವುದರಿಂದ ಪೇಪರ್ ಓದಲು ಅಡ್ಡಿಯಾಗದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಉಳಿದದ್ದನ್ನು ಮಿದುಳು ತೇಪೆ ಹಚ್ಚುತ್ತದೆ. ಊರ ಕಡೆ ಇದನ್ನು ಪೊರೆ ಎಂದೇ ತಿಳಿದು, ‘ಬಲಿತ ಮೇಲೆ ಆಪರೇಷನ್ ಮಾಡಿಸಿದರಾಯಿತು’ ಎನ್ನುವವರು ಬಹಳ. ಪೊರೆ ತೆಗೆದರೆ ನೋಟ ಮರಳುತ್ತದೆ, ಗ್ಲಾಕೋಮಾದಲ್ಲಿ ಹೋದದ್ದು ಯಾವ ಆಪರೇಷನ್ನಿನಿಂದಲೂ ಬರುವುದಿಲ್ಲ. ಹನಿ ಕೆಲಸ ಮಾಡುತ್ತದೆ ಎಂಬುದಕ್ಕೆ ಅವರ ಸ್ವಂತ ಅಂಕಿಯನ್ನೇ ತೋರಿಸಿ: 16ಕ್ಕೆ ಇಳಿಸಿದ್ದು ಅದೇ ಹನಿ. ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಒತ್ತಡ 1 ಮಿ.ಮೀ. (ಪಾದರಸದ ಅಳತೆ) ಇಳಿದಂತೆಲ್ಲ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು 10% ತಗ್ಗಿತ್ತು. 25ಕ್ಕೂ 16ಕ್ಕೂ ನಡುವೆ ಒಂಬತ್ತು ಮಿ.ಮೀ. ಇದೆ.

ಡಾಕ್ಟರಿಗೆ ಪೂರ್ತಿ ನಿಜ ಹೇಳಿ, ಇದಕ್ಕೆ ಮುಂದಿನ ಭೇಟಿಯವರೆಗೆ ಕಾಯುವುದೂ ಬೇಡ. ಎರಡೂ ಬಾಟಲಿ, ಕ್ಯಾಲೆಂಡರ್ ಹಾಳೆ ಒಯ್ದು, ‘ಇದು ತಿಂಗಳಲ್ಲಿ ಹದಿನೈದೇ ದಿನ ಬಿದ್ದಿದೆ, ಇದು ಅಪರೂಪಕ್ಕೆ ಬಿದ್ದಿದೆ’ ಎನ್ನಿ. ಹೇಳದಿದ್ದರೆ ಅವರು ಔಷಧ ಸೋತಿದೆ ಎಂದೇ ಭಾವಿಸಿ ಮೂರನೆಯದು, ಆಮೇಲೆ ಶಸ್ತ್ರಚಿಕಿತ್ಸೆ ಎಂದು ಮುಂದುವರಿಯುತ್ತಾರೆ. ನಾಲ್ಕಾರು ವಾರ ಸರಿಯಾಗಿ ಹಾಕಿ ಮತ್ತೆ ಅಳೆಯಬಹುದೇ ಎಂದು ಕೇಳಿ. ನರ ಹೆಚ್ಚು ಸವೆದಿದ್ದರೆ ಅವರು ಕಾಯಲು ಒಪ್ಪದಿರಬಹುದು, ಆಗ ಅವರ ಮಾತೇ ಸರಿ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಭೇಟಿಗೆ ಮುನ್ನ ಒಂದು ವಾರ ಮಾತ್ರ ಶ್ರದ್ಧೆಯಿಂದ ಹಾಕಿದರೆ ಅಂದು ಒತ್ತಡ ಚೆನ್ನಾಗಿಯೇ ಬರುತ್ತದೆ, ವರ್ಷದ ಉಳಿದ ದಿನಗಳಲ್ಲಿ ನರ ಸವೆಯುತ್ತಿರುತ್ತದೆ.

ಅದೇ ಭೇಟಿಯಲ್ಲಿ ಲೇಸರ್ ಬಗ್ಗೆಯೂ ಕೇಳಿ. ತೆರೆದ ಕೋನದ ಗ್ಲಾಕೋಮಾ (ಕಣ್ಣಿನೊಳಗಿನ ನೀರು ಹೊರಹೋಗುವ ಮೂಲೆ ಮುಚ್ಚಿಕೊಂಡಿರದ ಬಗೆ) ಆಗಿದ್ದರೆ ಎಸ್‌ಎಲ್‌ಟಿ ಎಂಬ, ಆ ನೀರು ಸರಾಗವಾಗಿ ಹೊರಹೋಗುವಂತೆ ಮಾಡಿ ಒತ್ತಡ ಇಳಿಸುವ, ಹೊರರೋಗಿಯಾಗಿಯೇ ಮಾಡುವ ಲೇಸರ್ ಇದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಲೈಟ್’ ಅಧ್ಯಯನದಲ್ಲಿ, ಔಷಧಕ್ಕಿಂತ ಮೊದಲೇ ಇದನ್ನು ಮಾಡಿಸಿಕೊಂಡವರಲ್ಲಿ ಸುಮಾರು 74% ಜನರಿಗೆ ಮೂರು ವರ್ಷದ ಹೊತ್ತಿಗೂ ಹನಿಯ ಅಗತ್ಯ ಬಿದ್ದಿರಲಿಲ್ಲ. ನಿಮ್ಮ ತಂದೆ ಈಗಾಗಲೇ ಔಷಧದಲ್ಲಿರುವುದರಿಂದ ಅಷ್ಟೇ ಫಲ ನಿರೀಕ್ಷಿಸಲಾಗದು, ಒಂದು ಬಾಟಲಿ ಕಡಿಮೆಯಾದರೂ ಲಾಭವೇ. ಹನಿ ಹಾಕಲು ಆಗದಿರುವುದು ಲೇಸರ್ ಕೇಳಲು ತಕ್ಕ ಕಾರಣ, ನಾಚಿಕೆಪಡುವ ವಿಷಯವಲ್ಲ.

ಮನೆಯಲ್ಲಿ ಬೇರೆ ಕಣ್ಣಿನ ಹನಿ ಇದ್ದರೆ ಎತ್ತಿ ನೋಡಿ. ತೋಟದಲ್ಲಿ ಧೂಳು ಬಿದ್ದು ತುರಿಸಿತೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದರಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ತುರಿಕೆ ಬೇಗ ನಿಲ್ಲುತ್ತದೆ, ಒತ್ತಡ ಕೆಲವೇ ವಾರಗಳಲ್ಲಿ ಮೇಲೇರುತ್ತದೆ. 16 ಇದ್ದದ್ದು 25 ಆಗಲು ಇದೂ ಒಂದು ಕಾರಣವಾಗಿರಬಹುದು. ಶೀರ್ಷಾಸನದ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಲಿ, ಆ ಭಂಗಿಯಲ್ಲಿ ಕಣ್ಣಿನ ಒತ್ತಡ ಸುಮಾರು ಎರಡರಷ್ಟಾಗುತ್ತದೆ. ಉಳಿದ ನಡಿಗೆ, ತೋಟದ ಕೆಲಸ ಎಂದಿನಂತೆ ನಡೆಯಲಿ.

ಕೊನೆಯದಾಗಿ ನಿಮ್ಮದೇ ಕಣ್ಣು. ತಂದೆಗೆ ಗ್ಲಾಕೋಮಾ ಇದ್ದರೆ ಮಕ್ಕಳಿಗೂ ತಂದೆಯ ಒಡಹುಟ್ಟಿದವರಿಗೂ ಬರುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು ಹೆಚ್ಚು. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅದುವರೆಗೆ ಕಾಯಿಲೆ ಇರುವುದೇ ತಿಳಿದಿರಲಿಲ್ಲ. ನಲವತ್ತು ದಾಟಿದ್ದರೆ ತಂದೆಯ ಜೊತೆ ಹೋದ ದಿನವೇ ನಿಮ್ಮ ಹೆಸರಿಗೂ ಒಂದು ಚೀಟಿ ಮಾಡಿಸಿ ಒತ್ತಡ ಅಳೆಸಿ, ದೃಷ್ಟಿನರ ನೋಡಿಸಿ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿದ್ದು ಇದಕ್ಕೆ ಲೆಕ್ಕಕ್ಕಿಲ್ಲ. ಚಿಕ್ಕಪ್ಪ, ಅತ್ತೆಯರಿಗೂ ಫೋನ್ ಮಾಡಿ ಹೇಳಿ.